ಮಿಸ್ಸಿಂಗ್ ಯಾವಾಗ, ಯಾವ ಸಿಲಿಂಡರಿನಲ್ಲಿ?

(ಹಳೆ ವಾಹನ ಇಟ್ಟುಕೊಂಡವರು ಸಿರ್ಸಿಯಲ್ಲಿ ಒಂದು ಭಾನುವಾರ ಸೇರಿದ್ದಾಗ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಒಂದಿಷ್ಟು ಪುನರುಕ್ತಿ ತೆಗೆದಿದ್ದೇನೆ. ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ನಮಸ್ಕಾರ. ಮಳೆ ಹೊಳವಾಗಿರುವಾಗಲೇ ಒಮ್ಮೆ ಹೊರಗೆ ಗಾಡಿ ಹತ್ತಿರ ಹೋಗಬೇಕಾಗಿದೆ. ಹಾಗಾಗಿ ಪೀಠಿಕೆ ಉದ್ದ ಮಾಡುವುದಿಲ್ಲ.

ಗ್ಯಾರೇಜಿಗೆ ಬರುವವರಲ್ಲಿ ಹೆಚ್ಚಿನವರು ಕಾಯಿಲೆ ಹೇಳುವುದಿಲ್ಲ, ಔಷಧಿಯನ್ನೇ ಹೇಳುತ್ತಾರೆ. "ಕಾರ್ಬೋರೇಟರ್ ಬಿಚ್ಚಿ ತೊಳೆದುಕೊಡಿ." "ಪ್ಲಗ್ ಬದಲಾಯಿಸಿಬಿಡಿ." ಯಾಕಪ್ಪಾ ಅಂದರೆ "ಮಿಸ್ಸಿಂಗ್ ಹೊಡೀತಿದೆ", ಅಂದರೆ ಎಂಜಿನ್ ಓಡುವಾಗ ಯಾವುದೋ ಸಿಲಿಂಡರ್ ಹೊಡೆಯದೆ ತಪ್ಪುತ್ತಿದೆ. ಯಾವಾಗ ಹೊಡೆಯುತ್ತದೆ ಎಂದು ಕೇಳಿದರೆ "ಅದೇ, ಒಂಥರಾ" ಎನ್ನುತ್ತಾರೆ. ಮೆಕ್ಯಾನಿಕ್ ಹೇಳಿದ್ದಷ್ಟನ್ನು ಮಾಡಿ ಬಿಲ್ ಕೊಡುತ್ತಾನೆ. ಗಾಡಿ ನಾಲ್ಕು ದಿನ ಸುಮಾರಾಗಿ ಓಡಿ ಮತ್ತೆ ಅದೇ ರಾಗ ತೆಗೆಯುತ್ತದೆ. ಆಮೇಲೆ ಕಿಡಿಗೆ ಕರೆಂಟು ಕೊಡುವ ಕಾಯಿಲ್, ಆಮೇಲೆ ಪೆಟ್ರೋಲ್ ಪಂಪ್, ಕೊನೆಗೆ "ಎಂಜಿನ್ ಕೆಲಸವೇ ಬಂತು". ಗಾಡಿ ಮಾರಿದರೆ ಬರುವುದಕ್ಕಿಂತ ಹೆಚ್ಚು ದುಡ್ಡನ್ನು ಬಾನೆಟ್ಟಿನೊಳಗೆ ಸುರಿದವರು ಈ ಸಭೆಯಲ್ಲೂ ಇದ್ದಾರೆ, ನನಗೆ ಗೊತ್ತು.

ಇವತ್ತು ನಾನು ಹೇಳಬೇಕಾದ್ದು ಇಷ್ಟೇ: ಸ್ಪಾನರ್ ಹಿಡಿಯುವ ಮೊದಲು ಮಿಸ್ಸಿಂಗ್ ಯಾವಾಗ ಬರುತ್ತದೆ, ಯಾವ ಸಿಲಿಂಡರಿನಲ್ಲಿ ಬರುತ್ತದೆ ಎಂಬುದು ಗೊತ್ತಾಗಬೇಕು. ಇವೆರಡೂ ಸಿಗುವ ತನಕ ಯಾವ ಸಾಮಾನನ್ನೂ ತರಬೇಡಿ. ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬೋರೇಟರಿಗಂತೂ ಎಲ್ಲಕ್ಕಿಂತ ಕೊನೆಗೆ ಕೈ ಹಾಕಿ.

ಇನ್ನೊಂದು ವಿಷಯ. ಅಲುಗಾಡುವ ಎಂಜಿನ್ನೆಲ್ಲ ಮಿಸ್ ಹೊಡೆಯುತ್ತಿದೆ ಎಂದಲ್ಲ. ನಮ್ಮಲ್ಲಿ ಇನ್ನೂ ಓಡುತ್ತಿರುವ ಹಳೆ ಮಾರುತಿ 800, ಓಮ್ನಿ ಎರಡರದ್ದೂ 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್. ಮೂರು ಸಿಲಿಂಡರ್ ಅಂದಮೇಲೆ ಉದ್ದಕ್ಕೆ ಸ್ವಲ್ಪ ತೂಗಾಟ ಅದರ ಹುಟ್ಟುಗುಣ. ಕಂಪನಿಯಿಂದ ಬಂದ ದಿನವೂ ಇತ್ತು. ಅದನ್ನು ತಡೆದುಕೊಳ್ಳುವುದು ಮೌಂಟಿಂಗ್ ರಬ್ಬರ್. ಎಣ್ಣೆ ತಾಗಿ ಮೆತ್ತಗಾದ, ಒಡೆದ ರಬ್ಬರ್ ಇದ್ದರೆ ಚೆನ್ನಾಗಿರುವ ಎಂಜಿನ್ ಕೂಡ ಸ್ಟೇರಿಂಗ್ ನಡುಗಿಸುತ್ತದೆ.

ಹಾಗಾದರೆ ತಿಳಿಯುವುದು ಹೇಗೆ? ಎಂಜಿನ್ ಐಡ್ಲಿಂಗಿನಲ್ಲಿರುವಾಗ, ಅಂದರೆ ಪೆಡಲ್ ತುಳಿಯದೆ ನಿಂತಲ್ಲೇ ಓಡುತ್ತಿರುವಾಗ, ಒಂದು ತೆಳ್ಳನೆ ಕಾಗದವನ್ನು ಸೈಲೆನ್ಸರ್ ಬಾಯಿಯ ಎದುರು ಹಿಡಿಯಿರಿ. ಅಡಿಕೆ ಟೆಂಡರಿನ ಹಳೆ ಚೀಟಿಯಾದರೂ ನಡೆಯುತ್ತದೆ. ಕಾಗದ ಒಂದೇ ಸಮನೆ ಪಟಪಟ ಎಂದರೆ ಎಲ್ಲ ಸಿಲಿಂಡರೂ ಹೊಡೆಯುತ್ತಿವೆ, ನಿಮ್ಮ ತಕರಾರು ಮೌಂಟಿಂಗಿನದು. ಲೆಕ್ಕ ಹಾಕಿದಂತೆ ಒಂದೇ ಅಂತರದಲ್ಲಿ ಪಟಪಟ ತಪ್ಪಿದರೆ ಒಂದು ಸಿಲಿಂಡರ್ ಸತ್ತಿದೆ. ಆಗ ಹುಡುಕಬೇಕಾದ್ದು ಆ ಸಿಲಿಂಡರಿನ ಪ್ಲಗ್, ಅದರ ವಯರು, ಅದರ ವಾಲ್ವು. ಲೆಕ್ಕವಿಲ್ಲದೆ ಈಗೊಮ್ಮೆ ಇನ್ನೊಮ್ಮೆ ತಪ್ಪಿದರೆ ಎಲ್ಲ ಸಿಲಿಂಡರಿಗೂ ಸೇರಿದ ವಸ್ತುವಿನಲ್ಲಿ ದೋಷ ಇದೆ: ಕಿಡಿಯ ಕಡೆ ಪಾಯಿಂಟ್, ಕಂಡೆನ್ಸರ್, ರೋಟರ್, ಕಾಯಿಲ್, ಅರ್ಥಿಂಗ್; ಮಿಶ್ರಣದ ಕಡೆ ಗಾಳಿ ಸೋರಿಕೆ, ಕಾರ್ಬೋರೇಟರ್. ಕಾಗದ ನಡುನಡುವೆ ಒಳಕ್ಕೆ ಎಳೆದುಕೊಂಡರೆ ಎಕ್ಸಾಸ್ಟ್ ವಾಲ್ವ್ ಕುಳಿತುಕೊಳ್ಳುತ್ತಿಲ್ಲವೇನೋ ಎಂದು ಅನುಮಾನ ಇಟ್ಟುಕೊಳ್ಳಿ. ಕಾಸು ಖರ್ಚಿಲ್ಲದೆ ಅರ್ಧ ದಾರಿ ಸವೆಯಿತು.

ಘಟ್ಟ ಹತ್ತುವಾಗ

ಈಗ "ಯಾವಾಗ" ಎಂಬ ಪ್ರಶ್ನೆ. ಸಿರ್ಸಿಯವರಿಗೆ ಇದನ್ನು ಪರೀಕ್ಷಿಸಲು ದೇವಿಮನೆ ಘಟ್ಟ ಇದೆ, ಯಲ್ಲಾಪುರದವರಿಗೆ ಅರಬೈಲ್ ಘಟ್ಟ, ಕಾರವಾರದವರಿಗೆ ಅಣಶಿ. ಕುಮಟಾದಿಂದ ಕತಗಾಲದವರೆಗೆ ಹೂವಿನ ಹಾಗೆ ಬಂದ ಗಾಡಿ ಘಟ್ಟದ ಎರಡನೇ ತಿರುವಿನಲ್ಲಿ ಜಗ್ಗತೊಡಗಿತು ಎಂದರೆ ಅದಕ್ಕೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಕಾರಣ. ಅವೆರಡರ ನಡತೆ ಬೇರೆ ಬೇರೆ.

ಮೊದಲನೆಯದು ಕರೆಂಟು. ಐಡ್ಲಿಂಗಿನಲ್ಲಿ ಥ್ರಾಟಲ್ (ಗಾಳಿ ಬಿಡುವ ಬಾಗಿಲು) ಮುಚ್ಚಿರುತ್ತದೆ, ಸಿಲಿಂಡರಿಗೆ ಹೋಗುವ ಗಾಳಿ-ಪೆಟ್ರೋಲ್ ಕಡಿಮೆ, ಒತ್ತಡವೂ ಕಡಿಮೆ. ಆಗ ಬಡ ಕರೆಂಟು ಕೂಡ ಪ್ಲಗ್ಗಿನ ಗ್ಯಾಪ್ ಹಾರುತ್ತದೆ. ಘಟ್ಟದಲ್ಲಿ ಪೆಡಲ್ ತುಳಿದಾಗ ಸಿಲಿಂಡರ್ ತುಂಬುತ್ತದೆ, ಒತ್ತಡ ಏರುತ್ತದೆ, ಅದೇ ಗ್ಯಾಪ್ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. 0.7ರಿಂದ 0.8 ಮಿಲಿಮೀಟರ್ ಇರಬೇಕಾದ ಗ್ಯಾಪ್ ಸವೆದು 1 ಮಿಲಿಮೀಟರ್ ದಾಟಿದ್ದರೆ, ಅಥವಾ ವಯರಿನ ರಬ್ಬರ್ ಎಲ್ಲೋ ಬಿರುಕು ಬಿಟ್ಟಿದ್ದರೆ, ಕರೆಂಟು ಪ್ಲಗ್ಗಿನಲ್ಲಿ ಹಾರುವ ಬದಲು ಬಿರುಕಿನಿಂದ ಎಂಜಿನ್ ಬಾಡಿಗೆ ಹಾರುತ್ತದೆ. ಇಂಥ ಮಿಸ್ಸಿಂಗ್ ಚುರುಕಾಗಿರುತ್ತದೆ. ಟಕ್ ಎಂದು ತಪ್ಪುತ್ತದೆ, ಟಕ್ ಎಂದು ಹಿಡಿಯುತ್ತದೆ. ಪೆಡಲ್ ಸ್ವಲ್ಪ ಬಿಟ್ಟರೆ ಮಾಯ.

ಎರಡನೆಯದು ಪೆಟ್ರೋಲಿನ ಕೊರತೆ. ಉದ್ದಕ್ಕೆ ಹತ್ತುವಾಗ ಎಂಜಿನ್ ಕುಡಿಯುವಷ್ಟು ಪೆಟ್ರೋಲ್ ಬಾರದಿದ್ದರೆ ಕಾರ್ಬೋರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲಿನ ಮಟ್ಟ ನಿಧಾನಕ್ಕೆ ಇಳಿಯುತ್ತದೆ. ಇಲ್ಲಿ ಟಕ್ ಎಂಬ ಮಾತಿಲ್ಲ. ಗಾಡಿ ಸೊರಗುತ್ತಾ ಬರುತ್ತದೆ, ಗೇರ್ ಇಳಿಸಿದರೂ ಎಳೆಯುವುದಿಲ್ಲ, ಕೊನೆಗೆ ಒಂದೆರಡು ಸಲ ಕೆಮ್ಮಿ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟರೆ ಏನೂ ಆಗದವರ ಹಾಗೆ ಸ್ಟಾರ್ಟ್ ಆಗುತ್ತದೆ. ಫಿಲ್ಟರ್ ಕಟ್ಟಿರಬಹುದು, ಪಂಪಿನ ಡಯಾಫ್ರಮ್ ಸೋತಿರಬಹುದು, ಟ್ಯಾಂಕಿನಿಂದ ಬರುವ ರಬ್ಬರ್ ಪೈಪ್ ಒಳಗಿನಿಂದ ಮೆತ್ತಗಾಗಿ ಅಂಟಿಕೊಂಡಿರಬಹುದು.

ನಮ್ಮ ಊರಿನ ಒಂದು ಕಾರಣವನ್ನು ಸೇರಿಸಲೇಬೇಕು: ಕುಂಬಾರ ಹುಳ. ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ವಾರಗಟ್ಟಲೆ ನಿಂತ ಗಾಡಿಯ ಟ್ಯಾಂಕಿಗೆ ಗಾಳಿ ಹೋಗುವ ಸಣ್ಣ ಕೊಳವೆ ಇರುತ್ತದಲ್ಲ, ಅದರ ತೂತು ಈ ಹುಳಕ್ಕೆ ಹೇಳಿ ಮಾಡಿಸಿದ ಅಳತೆ. ಮಣ್ಣು ಮೆತ್ತಿ ಮನೆ ಕಟ್ಟಿಬಿಡುತ್ತದೆ. ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬಾರದೆ ಟ್ಯಾಂಕಿನಲ್ಲಿ ನಿರ್ವಾತ ಆಗುತ್ತದೆ, ಪಂಪ್ ಎಳೆಯಲಾರದೆ ಸೋಲುತ್ತದೆ. ಗಾಡಿ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ ಎಂದು ಗಾಳಿ ಒಳಗೆ ಹೋಗಿ, ಆಮೇಲೆ ಗಾಡಿ ಸರಾಗ ಓಡಿದರೆ ಕಾರಣ ಸಿಕ್ಕಿತು. ಸಣ್ಣ ತಂತಿ ಸಾಕು.

ಘಟ್ಟದಲ್ಲಿ ಗಾಡಿ ನಿಂತರೆ ಎಲ್ಲರೂ ಮಾಡುವ ಕೆಲಸ ಕಾಯುವುದು. ಹಾಗೆ ಮಾಡಬೇಡಿ. ಕಾಯುವಷ್ಟರಲ್ಲಿ ಬಿಸಿಯಾಗಿ ಕೈಕೊಟ್ಟ ಕಾಯಿಲ್ ತಣಿಯುತ್ತದೆ, ಬರಿದಾಗಿದ್ದ ಬೌಲ್ ತುಂಬುತ್ತದೆ, ಸಾಕ್ಷಿ ನಾಶ. ನಿಂತ ಕ್ಷಣವೇ ಕಾಯಿಲಿನಿಂದ, ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿಗೆ ಬರುವ ನಡುವಿನ ವಯರನ್ನು ಕ್ಯಾಪಿನಿಂದ ಕಿತ್ತು, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ತುದಿಯನ್ನು ಎಂಜಿನ್ನಿನ ಕಬ್ಬಿಣದಿಂದ ಐದಾರು ಮಿಲಿಮೀಟರ್ ದೂರ ಇಟ್ಟುಕೊಂಡು ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ನೀಲಿ ಬಣ್ಣದ, ಚಟ್ ಎಂದು ಸದ್ದು ಮಾಡುವ ಕಿಡಿ ಬಂದರೆ ಕರೆಂಟು ಸರಿ ಇದೆ, ಪೆಟ್ರೋಲ್ ಕಡೆ ನೋಡಿ. ಹಳದಿ ಬಣ್ಣದ ಸಪೂರ ಕಿಡಿ ಬಂದರೆ, ಅಥವಾ ಬಾರದೇ ಇದ್ದರೆ, ಕಾಯಿಲ್, ಕಂಡೆನ್ಸರ್, ಪಾಯಿಂಟ್. ಹತ್ತಿರದಲ್ಲಿ ಪೆಟ್ರೋಲ್ ಸೋರುತ್ತಿದ್ದರೆ ಈ ಕೆಲಸ ಬೇಡ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಓಡುವ ಎಂಜಿನ್ನಿನ ಕರೆಂಟಿನ ವಯರುಗಳ ಹತ್ತಿರವೂ ಹೋಗಬಾರದು.

ಇನ್ನು ಕೆಲವರು "ಕೆಳಗಿನ ಊರಲ್ಲಿ ಟ್ಯೂನ್ ಮಾಡಿಸಿದ್ದು, ಮೇಲೆ ಗಾಳಿ ತೆಳು, ಅದಕ್ಕೇ" ಎನ್ನುತ್ತಾರೆ. ಸಿರ್ಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಗಾಳಿ ತೆಳುವಾಗುವುದು ನಿಜ, ಮಿಶ್ರಣದಲ್ಲಿ ಪೆಟ್ರೋಲ್ ಪಾಲು ಹೆಚ್ಚಿ ತುಸು ರಿಚ್ ಆಗುವುದೂ ನಿಜ. ಆದರೆ ಆ ವ್ಯತ್ಯಾಸಕ್ಕೆ ಐಡ್ಲಿಂಗ್ ಸ್ವಲ್ಪ ತಗ್ಗೀತು, ಅಷ್ಟೇ. ಜಗ್ಗಿ ನಿಲ್ಲುವಷ್ಟು ತೊಂದರೆ ಎತ್ತರದ್ದಲ್ಲ.

ಹೊರಗೆ ಮಾಡಿ ತೋರಿಸಿದ್ದು

ಇಷ್ಟು ಹೇಳಿ ಎಲ್ಲರೂ ಹೊರಗೆ ನಿಲ್ಲಿಸಿದ್ದ ಒಂದು ಕಾರ್ಬೋರೇಟರ್ 800 ಹತ್ತಿರ ಹೋದೆವು. ಗಾಡಿಯವರು ಹೇಳಿದ್ದು: ಪ್ಲಗ್ ಹೊಸದು, ಕಾರ್ಬೋರೇಟರ್ ತೊಳೆಸಿಯಾಗಿದೆ, ಆದರೂ ಐಡ್ಲಿಂಗಿನಲ್ಲಿ ಕುಣಿಯುತ್ತದೆ. ಕಾಗದ ಹಿಡಿದು ನೋಡಿದರೆ ಒಂದೇ ಅಂತರದಲ್ಲಿ ತಪ್ಪುತ್ತಿತ್ತು. ಅಂದರೆ ಒಂದೇ ಸಿಲಿಂಡರ್.

ಪಂಚೆ ಉಟ್ಟವರನ್ನು ಫ್ಯಾನ್ ಬೆಲ್ಟಿನಿಂದ ದೂರ ನಿಲ್ಲಿಸಿ ಶುರು ಮಾಡಿದೆ. ಟೈಮಿಂಗ್ ಬೆಲ್ಟ್ ಕಡೆಯಿಂದ ಎಣಿಸಿದರೆ ಒಂದು, ಎರಡು, ಮೂರು. ಇದರ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಹೊಡೆಯುವ ಸರದಿ, 1-3-2. ಎಂಜಿನ್ ಓಡುತ್ತಿರುವಾಗ ಒಂದನೇ ಪ್ಲಗ್ಗಿನ ವಯರು ಎತ್ತಿದರೆ ಎಂಜಿನ್ ಇನ್ನೇನು ನಿಂತೇ ಹೋಗುತ್ತದೆ ಎನ್ನುವಷ್ಟು ಕುಸಿಯಿತು. ಎರಡನೆಯದು ಎತ್ತಿದಾಗಲೂ ಹಾಗೇ. ಮೂರನೆಯದು ಎತ್ತಿದರೆ ಏನೂ ಆಗಲಿಲ್ಲ. ಇದ್ದ ಕುಣಿತ ಇದ್ದ ಹಾಗೇ ಇತ್ತು. ಕೆಲಸ ಮಾಡದವನನ್ನು ರಜೆ ಮೇಲೆ ಕಳಿಸಿದರೆ ಕಚೇರಿಗೆ ನಷ್ಟವೇನು? ಮೂರನೇ ಸಿಲಿಂಡರ್ ಸತ್ತಿದೆ.

ಈಗ ಮೂರನೆಯದರ ಪ್ಲಗ್ ಎರಡಕ್ಕೆ, ಎರಡರದ್ದು ಮೂರಕ್ಕೆ. ಮತ್ತೆ ವಯರು ಎತ್ತಿ ನೋಡಿದರೆ ಸತ್ತಿರುವುದು ಮೂರನೆಯದೇ. ಹಾಗಾದರೆ ಪ್ಲಗ್ ನಿರಪರಾಧಿ. ಆಮೇಲೆ ಆ ಎರಡರ ವಯರುಗಳನ್ನು ಅದಲುಬದಲು ಮಾಡಿದೆ, ಕ್ಯಾಪಿನ ಜಾಗ ಮಾತ್ರ ಫೈರಿಂಗ್ ಆರ್ಡರಿಗೆ ಸರಿಯಾಗಿ ಇರುವಂತೆ. ಈ ಸಲ ಮೂರನೆಯದು ಜೀವ ಪಡೆಯಿತು, ಎರಡನೆಯದು ಸತ್ತಿತು. ದೋಷ ವಯರಿನ ಜೊತೆಯಲ್ಲೇ ಪ್ರಯಾಣ ಮಾಡಿತು. ಕ್ಯಾಪಿನ ಕಡೆಯ ರಬ್ಬರ್ ಟೊಪ್ಪಿ ಮಡಚಿ ನೋಡಿದರೆ ಒಳಗಿನ ಹಿತ್ತಾಳೆಯ ತುದಿಗೆ ಹಸಿರು ಕಿಲುಬು. ಮಲ್ಟಿಮೀಟರ್ ಹಚ್ಚಿದರೆ ಉಳಿದೆರಡು ವಯರು ಕೆಲವು ಕಿಲೋ ಓಮ್ ತೋರಿಸಿದವು, ಇದು ಏನನ್ನೂ ತೋರಿಸಲಿಲ್ಲ.

ಅಕಸ್ಮಾತ್ ವಯರು ಬದಲಿಸಿದರೂ ದೋಷ ಮೂರರಲ್ಲೇ ಉಳಿದಿದ್ದರೆ? ಆಗ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಆ ಗೂಡು ನೋಡಬೇಕು. ಒಳಗೆ ಕೂದಲೆಳೆಯಷ್ಟು ಕಪ್ಪು ಗೆರೆ ಇದ್ದರೆ ಅದು ಕಾರ್ಬನ್ ದಾರಿ, ಕರೆಂಟು ಅಲ್ಲಿಂದ ಹರಿದುಹೋಗುತ್ತಿದೆ. ಅದನ್ನು ಕೆರೆದು ಪ್ರಯೋಜನವಿಲ್ಲ, ಕ್ಯಾಪ್ ಹೊಸದು ಹಾಕಿ. ಕ್ಯಾಪೂ ಸರಿ ಇದ್ದರೆ ಮುಂದಿನದು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ.

ಈ ಪರೀಕ್ಷೆಗೆ ಎರಡು ಎಚ್ಚರಿಕೆ. ಎತ್ತಿದ ವಯರನ್ನು ಗಾಳಿಯಲ್ಲಿ ನೇತಾಡಿಸಬೇಡಿ, ತುದಿ ಎಂಜಿನ್ ಬಾಡಿಗೆ ತಾಗಿರಲಿ; ಕರೆಂಟಿಗೆ ದಾರಿ ಸಿಗದಿದ್ದರೆ ಕಾಯಿಲಿನ ಒಳಗೇ ಹಾದಿ ಮಾಡಿಕೊಳ್ಳುತ್ತದೆ. ಎಂಪಿಎಫ್‌ಐ (ಕಾರ್ಬೋರೇಟರ್ ಬದಲು ಇಂಜೆಕ್ಟರ್ ಇರುವ) ಗಾಡಿಯಲ್ಲಿ ವಯರು ಎತ್ತುವ ಬದಲು ಆಯಾ ಇಂಜೆಕ್ಟರಿನ ಕನೆಕ್ಟರ್ ತೆಗೆದು ನೋಡಿ, ಸುಡದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋದರೆ ಅದು ಸುಟ್ಟುಹೋಗುತ್ತದೆ.

ಕಂಪ್ರೆಷನ್, ಟ್ಯಾಪೆಟ್, ವ್ಯಾಕ್ಯೂಮ್ ಗೇಜು

ಕಂಪ್ರೆಷನ್ ಗೇಜು ಇಲ್ಲದ ಗ್ಯಾರೇಜಿಗೆ ಹಳೆ ಎಂಜಿನ್ ಒಪ್ಪಿಸಬೇಡಿ. ಎಲ್ಲ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು ಹಿಡಿದು, ಸೆಲ್ಫ್ ಹೊಡೆದು ಒಂದೊಂದನ್ನೇ ಅಳೆಯಬೇಕು. ಅಂಕಿ ಎಷ್ಟು ಬಂತು ಎನ್ನುವುದಕ್ಕಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಒಂದು ಮಾತ್ರ ಉಳಿದವಕ್ಕಿಂತ ಶೇ 15ಕ್ಕೂ ಹೆಚ್ಚು ಕೆಳಗಿದ್ದರೆ ಅಲ್ಲಿ ಕೆಲಸ ಇದೆ. ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವು. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ತಗ್ಗಿದ್ದರೆ ಆ ಎರಡರ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿದೆ.

ವಾಲ್ವ್ ಎಂದ ಕೂಡಲೇ ಹೆಡ್ ಬಿಚ್ಚಲು ಹೊರಡಬೇಡಿ. ಮೊದಲು ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ತುಂಡಿಗೂ ನಡುವಿನ ಸಂದು, ನೋಡಿ. ನಮ್ಮ ಜನಕ್ಕೆ ಟ್ಯಾಪೆಟ್ ಸದ್ದು ಅಂದರೆ ಆಗುವುದಿಲ್ಲ. "ಚಟಚಟ ಅಂತದೆ, ಟೈಟ್ ಮಾಡು" ಎಂದು ಹುಡುಗನಿಗೆ ಹೇಳುತ್ತಾರೆ, ಅವನೂ ಮಾಡುತ್ತಾನೆ, ಸದ್ದು ನಿಲ್ಲುತ್ತದೆ, ಎಲ್ಲರಿಗೂ ಖುಷಿ. ಗ್ಯಾಪೇ ಇಲ್ಲದ ಎಕ್ಸಾಸ್ಟ್ ವಾಲ್ವ್ ಬಿಸಿಯಾದಾಗ ಉದ್ದವಾಗಿ, ಸೀಟಿಗೆ ಪೂರ್ತಿ ಕೂರದೆ, ಶಾಖ ಬಿಟ್ಟುಕೊಡಲಾಗದೆ ಅಂಚು ಸುಟ್ಟುಕೊಳ್ಳುತ್ತದೆ. ಸಡಿಲ ಟ್ಯಾಪೆಟ್ ಗಲಾಟೆ ಮಾಡುತ್ತದೆ, ಬಿಗಿ ಟ್ಯಾಪೆಟ್ ಸದ್ದಿಲ್ಲದೆ ವಾಲ್ವ್ ತಿನ್ನುತ್ತದೆ. ಎರಡರಲ್ಲಿ ಯಾವುದನ್ನಾದರೂ ಸಹಿಸಬೇಕೆಂದರೆ ನಾನು ಗಲಾಟೆಯನ್ನು ಸಹಿಸುತ್ತೇನೆ.

ನನಗೆ ಎಲ್ಲಕ್ಕಿಂತ ಪ್ರಿಯವಾದ ಉಪಕರಣ ವ್ಯಾಕ್ಯೂಮ್ ಗೇಜು. ಈ ಜಿಲ್ಲೆಯಲ್ಲಿ ಅದನ್ನು ಬಳಸುವವರು ಬೆರಳೆಣಿಕೆ. ಥ್ರಾಟಲಿನ ಕೆಳಗೆ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಸಿಕ್ಕಿಸಿದರೆ ಎಂಜಿನ್ ಎಷ್ಟು ಎಳೆಯುತ್ತಿದೆ ಎಂದು ಪಾದರಸದ ಇಂಚುಗಳಲ್ಲಿ ತೋರಿಸುತ್ತದೆ. ಆರೋಗ್ಯವಾದ ಎಂಜಿನ್ ಐಡ್ಲಿಂಗಿನಲ್ಲಿ ಕಾರವಾರದಲ್ಲೋ ಅಂಕೋಲೆಯಲ್ಲೋ 17ರಿಂದ 21 ಇಂಚಿನ ನಡುವೆ ಮುಳ್ಳು ಅಲುಗಾಡದೆ ನಿಲ್ಲುತ್ತದೆ. ಸಾವಿರ ಅಡಿ ಏರಿದರೆ ಸುಮಾರು ಒಂದು ಇಂಚು ಕಡಿಮೆ, ಹಾಗಾಗಿ ಅದೇ ಗಾಡಿ ಸಿರ್ಸಿಯಲ್ಲಿ ಎರಡು ಇಂಚು ಕಡಿಮೆ ತೋರಿಸಿದರೆ ಗಾಬರಿ ಬೇಡ. ಮುಳ್ಳು ಒಂದೇ ಅಂತರದಲ್ಲಿ ಪಟ್ ಪಟ್ ಎಂದು ಬಿದ್ದೇಳುತ್ತಿದ್ದರೆ ಒಂದು ವಾಲ್ವ್ ಸುಟ್ಟಿದೆ ಅಥವಾ ಸಿಕ್ಕಿಕೊಳ್ಳುತ್ತಿದೆ. ಸ್ಥಿರವಾಗಿ ತಗ್ಗಿ ನಿಂತಿದ್ದರೆ ಟೈಮಿಂಗ್ (ಕಿಡಿ ಹಾರುವ ಹೊತ್ತು) ಹಿಂದೆ ಬಿದ್ದಿದೆ ಅಥವಾ ಎಲ್ಲೋ ಗಾಳಿ ಸೋರುತ್ತಿದೆ. ನಿಧಾನಕ್ಕೆ ಆಚೀಚೆ ತೇಲುತ್ತಿದ್ದರೆ, ಈಗ ಮಿಶ್ರಣ ಹೊಂದಿಸುವ ಕಾರ್ಬೋರೇಟರಿನ ಮಿಕ್ಸರ್ ಸ್ಕ್ರೂ ಮುಟ್ಟಲು ನಿಮಗೆ ಅನುಮತಿ ಇದೆ.

ಗಾಳಿ ಸೋರಿಕೆ ಹುಡುಕುವುದು ಸುಲಭ. ಕಾರ್ಬೋರೇಟರ್ ಕೆಳಗಿನ ಗ್ಯಾಸ್ಕೆಟ್, ಮ್ಯಾನಿಫೋಲ್ಡ್ ಅಂಚು, ಬ್ರೇಕ್ ಬೂಸ್ಟರಿನ ಪೈಪ್, ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪ್, ಇವುಗಳ ಮೇಲೆ ಸೋಪಿನ ನೀರನ್ನು ಒಂದೊಂದು ಕಡೆಗೇ ಚಿಮುಕಿಸಿ. ಎಂಜಿನ್ ಸದ್ದು ಎಲ್ಲಿ ಬದಲಾಯಿತೋ ಅಲ್ಲೇ ತೂತು. ಬಿಸಿ ಎಂಜಿನ್ನಿಗೆ ಪೆಟ್ರೋಲ್ ಚಿಮುಕಿಸಿ ನೋಡುವ ಶೂರರೂ ಇದ್ದಾರೆ. ಬೆಂಕಿ ಆರಿಸುವ ಸಾಧನ ಗಾಡಿಯಲ್ಲಿ ಇಟ್ಟುಕೊಂಡವರನ್ನು ಮಾತ್ರ ಇನ್ನೂ ಕಂಡಿಲ್ಲ.

ಮಳೆ, ಉಪ್ಪು, ಇಲಿ

ಈ ಹಂತದಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: "ಬೇಸಗೆಲಿ ಎಂತೂ ತೊಂದ್ರೆ ಇಲ್ಲೆ, ಮಳೆಗಾಲ ಬಂತು ಅಂದ್ರೆ ಸಾಕು, ಮಿಸ್ಸಿಂಗ್ ಶುರು ಆಗ್ತು. ಎಂತಕ್ಕೆ?"

ತೇವ. ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಗೆ ಬೆವರಿದಂತೆ ನೀರು ಕೂರುತ್ತದೆ, ಹಳೆ ವಯರಿನ ಮೇಲಿನ ಧೂಳು-ಎಣ್ಣೆಯ ಪದರ ನೀರು ಕುಡಿದು ಕರೆಂಟಿಗೆ ದಾರಿ ಕೊಡುತ್ತದೆ. ರಾತ್ರಿ ದೀಪ ಆರಿಸಿ, ಎಂಜಿನ್ ಓಡಿಸಿ, ವಯರುಗಳ ಮೇಲೆ ನೀರಿನ ತುಂತುರು ಹೊಡೆದು ನೋಡಿ. ಸೋರುವ ಜಾಗದಲ್ಲಿ ನೀಲಿ ಕಿಡಿ ಹರಿದಾಡುವುದು ಕಣ್ಣಿಗೇ ಕಾಣುತ್ತದೆ. ಮಳೆ ಎಂದು ಶೆಡ್ಡಿನ ಬಾಗಿಲು ಹಾಕಿಕೊಂಡು ಮಾತ್ರ ಮಾಡಬೇಡಿ, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಸೋರುವ ವಯರು ಸಿಕ್ಕಿದರೆ ಒಂದನ್ನಲ್ಲ, ಸೆಟ್ಟನ್ನೇ ಬದಲಾಯಿಸಿ, ಎಲ್ಲದರ ವಯಸ್ಸೂ ಒಂದೇ.

ಕರಾವಳಿಯಲ್ಲಿ ತೇವದ ಜೊತೆಗೆ ಉಪ್ಪು. ಮೀನಿನ ಬುಟ್ಟಿ ಹೊತ್ತು ತಿರುಗುವ ಓಮ್ನಿಗಳನ್ನು ನೋಡಿ, ಐಸಿನ ನೀರು ಸೋರಿ ಸೋರಿ ನೆಲವೇ ಇರುವುದಿಲ್ಲ. ಬ್ಯಾಟರಿಯ ನೆಗೆಟಿವ್ ತಂತಿ ಬಾಡಿಗೆ ಕೂರುವ ಬೋಲ್ಟು, ಬಾಡಿಯಿಂದ ಎಂಜಿನ್ನಿಗೆ ಹೋಗುವ ಹೆಣೆದ ಪಟ್ಟಿ ತುಕ್ಕು ಹಿಡಿದಾಗ ಕರೆಂಟು ವಾಪಸ್ ಬರುವ ದಾರಿಯೇ ಕೆಡುತ್ತದೆ. ಲೆಕ್ಕಕ್ಕೆ ಸಿಗದ, ಇವತ್ತು ಇದ್ದು ನಾಳೆ ಇಲ್ಲದ ಮಿಸ್ಸಿಂಗಿಗೆ ಇದು ದೊಡ್ಡ ಕಾರಣ. ಮಲ್ಟಿಮೀಟರಿನ ಕೆಂಪು ಕಡ್ಡಿ ಎಂಜಿನ್ ಬ್ಲಾಕಿಗೆ, ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಇಟ್ಟು ಸೆಲ್ಫ್ ಹೊಡೆಯಿರಿ. 0.2 ವೋಲ್ಟಿನ ಒಳಗಿದ್ದರೆ ಒಳ್ಳೆಯದು. ಅರ್ಧ ವೋಲ್ಟ್ ದಾಟಿದರೆ ಅರ್ಥಿಂಗ್ ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಗ್ರೀಸ್ ಸವರಿ ಬಿಗಿ ಮಾಡಿ.

ಘಟ್ಟದ ಮೇಲಿನವರಿಗೆ ಉಪ್ಪಿನ ಬದಲು ಇಲಿ. ಅದರ ಬಗ್ಗೆ ನಾನು ಹೇಳುವುದೇನಿದೆ, ಏರ್ ಫಿಲ್ಟರ್ ಡಬ್ಬಿ ತೆಗೆದು ನೋಡಿ, ಸಂಸಾರವೇ ಸಿಕ್ಕೀತು.

ಕೈಯಲ್ಲೇ ಇರುವ ಒಂದು ವರದಿ

ಹೊಗೆ ತಪಾಸಣೆಯ ಪಿಯುಸಿ ಚೀಟಿಯನ್ನು ನಾವು ಪೊಲೀಸರಿಗೆ ತೋರಿಸಲು ಮಾತ್ರ ಇಟ್ಟುಕೊಳ್ಳುತ್ತೇವೆ. ಅದರಲ್ಲಿ ಸಿಒ, ಎಚ್‌ಸಿ ಎಂದು ಎರಡು ಅಂಕಿಗಳಿವೆ. ಸಿಒ ಎಂದರೆ ಅರೆಬರೆ ಸುಟ್ಟ ಪೆಟ್ರೋಲಿನ ಗುರುತು, ಎಚ್‌ಸಿ ಎಂದರೆ ಸುಡದೇ ಹೊರಬಂದ ಪೆಟ್ರೋಲ್. ಭಾರತ್ ಸ್ಟೇಜ್ 2 ಎಂಬ ಹೊಗೆ ನಿಯಮಕ್ಕಿಂತ ಹಿಂದಿನ ಪೆಟ್ರೋಲ್ ಕಾರಿಗೆ ಮಿತಿ ಸಿಒ ಶೇ 3, ಎಚ್‌ಸಿ 1500 ಪಿಪಿಎಂ. ಸಿಒ ಜಾಸ್ತಿ ಇದ್ದರೆ ಮಿಶ್ರಣ ರಿಚ್: ಚೋಕ್ ಸಿಕ್ಕಿಕೊಂಡಿದೆ, ಫ್ಲೋಟ್ ಮೇಲಿದೆ, ಏರ್ ಫಿಲ್ಟರ್ ಕಟ್ಟಿದೆ. ಸಿಒ ಸಾಧಾರಣವಿದ್ದು ಎಚ್‌ಸಿ ಮಾತ್ರ ಹಾರಿದ್ದರೆ ಯಾವುದೋ ಸಿಲಿಂಡರ್ ಹೊಡೆಯುತ್ತಿಲ್ಲ, ಕಾರ್ಬೋರೇಟರ್ ತೊಳೆದು ಏನೂ ಆಗುವುದಿಲ್ಲ. ಹಳೆ ಚೀಟಿಗಳನ್ನು ಎಸೆಯದೆ ಪಕ್ಕಪಕ್ಕ ಇಟ್ಟು ನೋಡಿ. ನಮ್ಮಲ್ಲಿ ಕೆಲವರು ಮಾರಿಕಾಂಬಾ ಜಾತ್ರೆ ಬಂದಾಗ ಮಾತ್ರ ಬಾನೆಟ್ ಎತ್ತುತ್ತಾರೆ, ಅಂದರೆ ಎರಡು ವರ್ಷಕ್ಕೊಮ್ಮೆ. ಅವರಿಗೂ ನಡುವಿನ ಕಾಲದ ಲೆಕ್ಕ ಆ ಚೀಟಿಗಳಲ್ಲಿ ಸಿಗುತ್ತದೆ.

ಎಂಪಿಎಫ್‌ಐ ಗಾಡಿಯವರಿಗೆ ದೋಷದ ಕೋಡ್ ಓದುವ ಸ್ಕ್ಯಾನರ್ ಇದೆ. ಪಿ0301 ಎಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್ಸಿಂಗ್, ಪಿ0300 ಎಂದರೆ ನಿರ್ದಿಷ್ಟವಾಗಿ ಒಂದೇ ಕಡೆ ಅಲ್ಲ. ಅಂದರೆ ಕಾಗದ ಹಿಡಿದು ನಾವು ಕಂಡುಕೊಂಡದ್ದನ್ನೇ ಅದು ಹೇಳುತ್ತದೆ. ಯಾವ ಸಾಮಾನು ಕೆಟ್ಟಿದೆ ಎಂದು ಅದಕ್ಕೆ ಗೊತ್ತಿಲ್ಲ. ಕೋಡ್ ನೋಡಿ ಸೆನ್ಸರ್ ಬದಲಿಸುವುದು ಹಿಂದಿನವರು ಕಾರ್ಬೋರೇಟರ್ ತೊಳೆಯುತ್ತಿದ್ದ ಚಟದ ಹೊಸ ರೂಪ.

ಪೆಟ್ರೋಲು ಮೊದಲಿನದಲ್ಲ

"ಎಥನಾಲ್ ಬಂದ ಮೇಲೆ ಗಾಡಿ ಹಾಳಾಯಿತು ಅಂತಾರಲ್ಲ?" ಇದು ಹೊನ್ನಾವರದಿಂದ ಬಂದವರೊಬ್ಬರ ಪ್ರಶ್ನೆ.

ಎಲ್ಲ ಪಾಪವನ್ನೂ ಅದರ ತಲೆಗೆ ಕಟ್ಟುವುದು ಬೇಡ, ಹಾಗೆಂದು ಅದು ಸಾಧುವೂ ಅಲ್ಲ. ಪೆಟ್ರೋಲಿನಲ್ಲಿ ಎಥನಾಲ್ 2022ರಲ್ಲಿ ಶೇ 10 ಇದ್ದದ್ದು 2025ರ ಹೊತ್ತಿಗೆ ಶೇ 20ಕ್ಕೆ ಬಂದಿದೆ. ಒಂದು ಕಿಲೋ ಶುದ್ಧ ಪೆಟ್ರೋಲ್ ಸರಿಯಾಗಿ ಸುಡಲು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ ಸುಮಾರು 9 ಸಾಕು. ಕಾರ್ಬೋರೇಟರಿಗೆ ಇದು ಗೊತ್ತಿಲ್ಲ. ಅದರ ಜೆಟ್ (ಪೆಟ್ರೋಲ್ ಬಿಡುವ ತೂತು) ಹಳೆ ಪೆಟ್ರೋಲಿನ ಲೆಕ್ಕದ್ದು. ಶೇ 20 ಮಿಶ್ರಣದಲ್ಲಿ ಎಂಜಿನ್ ಶೇ 8ರ ಆಸುಪಾಸು ಲೀನ್ ಆಗಿ, ಅಂದರೆ ಪೆಟ್ರೋಲ್ ಪಾಲು ಕಡಿಮೆಯಾಗಿ, ಓಡುತ್ತದೆ. ಮೊದಲೇ ಸ್ವಲ್ಪ ರಿಚ್ ಇದ್ದ ಗಾಡಿ ಇದನ್ನು ನುಂಗಿಕೊಳ್ಳುತ್ತದೆ. ಅಂಚಿನಲ್ಲಿದ್ದದ್ದು ಬೆಳಿಗ್ಗೆ ತಣ್ಣಗಿರುವಾಗ ಮುಗ್ಗರಿಸುತ್ತದೆ, ಐಡ್ಲಿಂಗ್ ಏರಿಳಿಯುತ್ತದೆ. ಮಿಕ್ಸರ್ ಸ್ಕ್ರೂ ಕಾಲು ಸುತ್ತು ರಿಚ್ ಕಡೆಗೆ, ಬೆಳಿಗ್ಗೆ ಚೋಕ್ ಸ್ವಲ್ಪ ಹೆಚ್ಚು ಹೊತ್ತು. ಬಹಳ ಗಾಡಿಗಳಿಗೆ ಅಷ್ಟು ಸಾಕಾಗುತ್ತದೆ.

ನಿಜವಾದ ತೊಂದರೆ ನಿಲ್ಲಿಸಿಟ್ಟ ಗಾಡಿಗಳದ್ದು. ಎಥನಾಲ್ ನೀರು ಹೀರುತ್ತದೆ. ಆಷಾಢದ ತೇವದಲ್ಲಿ ಅರ್ಧ ತುಂಬಿದ ಟ್ಯಾಂಕ್ ತಿಂಗಳುಗಟ್ಟಲೆ ನಿಂತರೆ ನೀರು-ಎಥನಾಲ್ ಒಟ್ಟಾಗಿ ತಳಕ್ಕೆ ಇಳಿಯುತ್ತವೆ, ಪಂಪ್ ಎಳೆಯುವುದು ತಳದಿಂದಲೇ. ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಒಂದು ಗಂಟೆ ಬಿಡಿ. ಎರಡು ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿಸಿ, ಬೇರೆ ದಾರಿ ಇಲ್ಲ. ಹಳೆಯ ಕಾಲದ ರಬ್ಬರ್ ಪೈಪುಗಳನ್ನೂ ಎಥನಾಲ್ ಉಬ್ಬಿಸುತ್ತದೆ. ಹೊಸ ಪೈಪ್ ತರುವಾಗ ಎಥನಾಲ್ ತಡೆಯುವಂಥದ್ದೇ ಕೇಳಿ ತನ್ನಿ. ಟ್ಯಾಂಕಿನ ಹಳೆ ಜಿಡ್ಡನ್ನೂ ಇದು ಕರಗಿಸಿ ತರುವುದರಿಂದ ಮೊದಲ ಕೆಲವು ತಿಂಗಳು ಫಿಲ್ಟರ್ ಬೇಗ ಕಟ್ಟುತ್ತದೆ.

ಕೊನೆಯ ಪ್ರಶ್ನೆ ಡೀಸೆಲ್ ಜೀಪಿನವರದ್ದು: ಬೆಳಿಗ್ಗೆ ಸ್ಟಾರ್ಟ್ ಆದಾಗ ಬಿಳಿ ಹೊಗೆ, ಎರಡು ನಿಮಿಷ ದಡಬಡ, ಆಮೇಲೆ ಸರಿ.

ಬಿಸಿಯಾದ ಮೇಲೆ ಸರಿಯಾಗುತ್ತದೆ ಎಂದರೆ, ತಣ್ಣಗಿನ ಎಂಜಿನ್ ಕಾಯಿಸುವ ಹೀಟರ್ ಪ್ಲಗ್ ಇರುವ ಹಳೆ ಎಂಜಿನ್ನಾದರೆ ಮೊದಲು ಅವನ್ನೇ ನೋಡಿ. ಒಂದೊಂದಕ್ಕೂ ಟೆಸ್ಟ್ ಲ್ಯಾಂಪ್ ಹಚ್ಚಿ, ಸತ್ತದ್ದು ಸಿಗುತ್ತದೆ. ಅವು ಸರಿ ಇದ್ದರೆ ಡೀಸೆಲ್ ಲೈನಿನಲ್ಲಿ ಗಾಳಿ ಎಳೆಯುತ್ತಿದೆಯೇ ನೋಡಿ. ರಾತ್ರಿ ಪೈಪ್ ಜೋಡಿಸುವ ಸಡಿಲ ಬ್ಯಾಂಜೋ ಬೋಲ್ಟಿನಿಂದ ಗಾಳಿ ಸೇರಿಕೊಂಡು ಬೆಳಿಗ್ಗೆ ಕಾಡುತ್ತದೆ. ಬಿಸಿಯಾದ ಮೇಲೂ ಮಿಸ್ ಹೊಡೆದರೆ ಆಗ ಸಿಲಿಂಡರ್ ಹುಡುಕಬೇಕು. ಪ್ಲಗ್ ವಯರಿನ ಬದಲು ಇಲ್ಲಿ ಡೀಸೆಲ್ ಚಿಮ್ಮಿಸುವ ನಾಜಲಿನ ಪೈಪಿನ ನಟ್ಟನ್ನು ಒಂದೊಂದಾಗಿ ತುಸು ಸಡಿಲಿಸಿ ನೋಡುವುದು. ಸಡಿಲಿಸಿದರೂ ಸದ್ದು ಬದಲಾಗದ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಕಣ್ಣಿಗೆ ಕನ್ನಡಕ ಇರಲಿ, ಚಿಮ್ಮುವ ಡೀಸೆಲ್ ಎದುರು ಕೈ ಒಡ್ಡಬೇಡಿ. ಈ ವಿಧಾನ ಹಳೆ ಪಂಪಿನ ಜೀಪಿಗೆ ಮಾತ್ರ. ಕಾಮನ್ ರೇಲ್ ಇರುವ ಗಾಡಿಯಲ್ಲಿ ಓಡುವ ಎಂಜಿನ್ನಿನ ಪೈಪ್ ಮುಟ್ಟಲೇಬಾರದು, ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ, ಡೀಸೆಲ್ ಚರ್ಮ ತೂರಿಕೊಂಡು ಒಳಗೆ ಹೋಗುತ್ತದೆ. ಇನ್ನು ನಿಮ್ಮ ಜೀಪಿನ ನಾಜಲ್ ಬಿಚ್ಚಿ ಟೆಸ್ಟಿಗೆ ಒಯ್ಯುವುದಾದರೆ ವಾಪಸ್ ಬರುವಾಗ ಅದರ ಕೆಳಗಿನ ತಾಮ್ರದ ವಾಷರ್ ಹೊಸದು ತನ್ನಿ. ಹಳೆಯದನ್ನೇ ಕೂರಿಸಿದರೆ ಕಂಪ್ರೆಷನ್ ಅಲ್ಲಿಂದಲೇ ಸೋರುತ್ತದೆ.